ಮಾಲೀಕನಿಲ್ಲದ ಇಪ್ಪತ್ತೆರಡು ವರ್ಷ

ಯೆಜ್ಡಿ ಗಾಡಿಗೆ ಬೀಗ ಬೇಕಿಲ್ಲ ಎಂಬ ಮಾತು ನಮ್ಮ ಕಡೆ ಇತ್ತು. ಸಂತೆಯ ದಿನ ಬೀದಿಯಲ್ಲಿ ಹಾಗೇ ನಿಲ್ಲಿಸಿ ಹೋದರೂ ಕಳ್ಳನಿಗೆ ಅದು ದಕ್ಕುತ್ತಿರಲಿಲ್ಲ. ಕಿಕ್ಕರ್ ಎಲ್ಲಿದೆ ಎಂದು ಬಲಕ್ಕೂ ಎಡಕ್ಕೂ ಬಗ್ಗಿ ನೋಡಿ, ಬೆವರೊರೆಸಿಕೊಂಡು ಪಕ್ಕದ ಗಾಡಿಗೆ ಹೋಗುತ್ತಿದ್ದ. ಎಡಗಾಲಿನ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ ಎನ್ನುವುದು ಗೊತ್ತಿದ್ದವರಿಗಷ್ಟೇ ಗೊತ್ತು. ನನಗೆ ಇದನ್ನು ಹೇಳಿಕೊಟ್ಟವರು ಚಿಕ್ಕಪ್ಪ. ಅರಕಲಗೂಡಿನ ಕಡೆಯ ಹಳ್ಳಿ, ಅವರ ಯೆಜ್ಡಿ ರೋಡ್‌ಕಿಂಗ್, ಹಿಂದೆ ಎರಡು ಹಾಲಿನ ಕ್ಯಾನು. ಹೇಳಿಕೊಟ್ಟ ಮೇಲೆ ಸುತ್ತ ನೋಡಿ, ‘ಎಲ್ಲರಿಗೂ ಹೇಳಬೇಡವೋ’ ಎಂದಿದ್ದರು. ಬಳಗ ಕಟ್ಟಲು ಇಷ್ಟು ಸಾಕು. ಒಳಗಿನವನಿಗೆ ಗೊತ್ತಿರುವ, ಹೊರಗಿನವನಿಗೆ ಗೊತ್ತಿಲ್ಲದ ಒಂದು ಕೈಚಳಕ.

ಯೆಜ್ಡಿ ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಆ ಲೆಕ್ಕಕ್ಕೆ ಮೂರು ದಶಕ. ಗಾಡಿಯ ಗುಣಗಾನವನ್ನು ಈ ಅವಧಿಯಲ್ಲಿ ಸಾಕಷ್ಟು ಮಂದಿ ಬರೆದಿದ್ದಾರೆ, ನಾನೂ ಬರೆದಿದ್ದೇನೆ. ಈಗ ತಿರುಗಿ ನೋಡಬೇಕಾದದ್ದು ಗಾಡಿಯನ್ನಲ್ಲ, ಅದನ್ನು ಮೆಚ್ಚಿಕೊಂಡ ನಮ್ಮನ್ನು. ಕಂಪನಿಯೇ ಇಲ್ಲದಿದ್ದಾಗ ನಾವು ಹೇಗಿದ್ದೆವು, ಕಂಪನಿ ಬಂದ ಮೇಲೆ ಏನಾದೆವು?

ಮೊದಲು ಹಿನ್ನೆಲೆ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಪ್ರಾಗ್‌ನಲ್ಲಿ ಶುರುಮಾಡಿದ ಮೋಟರ್‌ಸೈಕಲ್ ಜಾವಾ. ತನ್ನ ಹೆಸರಿನ ಮೊದಲ ಎರಡು ಅಕ್ಷರಕ್ಕೆ, ತಾನು ತಯಾರಿಕೆಯ ಹಕ್ಕು ಪಡೆದಿದ್ದ ಜರ್ಮನಿಯ ವಾಂಡರರ್ ಗಾಡಿಯ ಮೊದಲ ಎರಡು ಅಕ್ಷರ ಸೇರಿಸಿ ಆ ಹೆಸರಿಟ್ಟ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆ ಚೆಕೊಸ್ಲೊವಾಕಿಯಾ ಸರ್ಕಾರದ ಕೈಗೆ ಹೋಯಿತು. ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಈ ಗಾಡಿಯನ್ನು ಇಲ್ಲೇ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ 1960ರಲ್ಲಿ ಮೈಸೂರಿನಲ್ಲಿ ಕಂಪನಿ ಕಟ್ಟಿದರು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಕಮ್ಯುನಿಸ್ಟ್ ದೇಶದ ಯಂತ್ರ, ಇರಾನಿ ಮನೆತನದ ಬಂಡವಾಳ, ಮಹಾರಾಜರ ಹಸ್ತ, ದುಡಿಮೆ ಮೈಸೂರು ಸೀಮೆಯ ಹುಡುಗರದು. ಇಂಥ ಕೂಡಾವಳಿ ಇನ್ನೊಂದು ಕಡೆ ಆಗಿರಲಾರದು ಎನಿಸುತ್ತದೆ. 1970ರ ದಶಕದಲ್ಲಿ ಜಾವಾ ಹೆಸರು ಬಿಟ್ಟು ಯೆಜ್ಡಿ ಎಂಬ ಹೆಸರು ಬಂತು. ಇರಾನಿಗಳ ಮೂಲ ಸೀಮೆಯಾದ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. ಹಾಸನದ ಹಾಲಿನವನೂ ಮೂಡಿಗೆರೆಯ ಕಾಫಿ ರೈಟರೂ ದಿನವೂ ಪರ್ಷಿಯಾದ ಒಂದು ಊರಿನ ಹೆಸರು ಹೇಳುತ್ತಿದ್ದರು, ತಿಳಿಯದೆಯೇ.

ಸಾವು ನಿಧಾನವಾಗಿ ಬಂತು. 1985ರಲ್ಲಿ ಹೀರೋ ಹೋಂಡಾದ 100 ಸಿಸಿ ಗಾಡಿ ಬಂದು, ಲೀಟರಿಗೆ ಎಂಬತ್ತರ ಮಾತಾಡತೊಡಗಿತು. ನಮ್ಮದು ಮೂವತ್ತು ಕೊಟ್ಟರೆ ಪುಣ್ಯ. ಟೂ ಸ್ಟ್ರೋಕಿನ ಹೊಗೆಗೆ 1996ರಲ್ಲಿ ಕಾನೂನು ಬಿಗಿಯಾಯಿತು. ಒಳಗೆ ಕಾರ್ಮಿಕರ ಬಿಕ್ಕಟ್ಟು. ಆ ವರ್ಷವೇ ಬೀಗ ಬಿತ್ತು.

ಕಂಪನಿ ಮುಚ್ಚಿದರೆ ಗಾಡಿಯೂ ಮುಗಿಯಿತು ಎನ್ನುವುದು ಲೋಕರೂಢಿ. ನಮ್ಮಲ್ಲಿ ಹಾಗಾಗಲಿಲ್ಲ. ಬಿಡಿಭಾಗ ಬರುವುದು ನಿಂತಿತು, ಹಾಗಾಗಿ ಬಿಡಿಭಾಗ ಮಾಡುವವರು ಹುಟ್ಟಿಕೊಂಡರು. ಕಾರ್ಖಾನೆ ಬಿಟ್ಟು ಬಂದ ಕೆಲವರು ಮೈಸೂರಿನ ಓಣಿಗಳಲ್ಲಿ ಗ್ಯಾರೇಜು ತೆರೆದರು. ಲೇತ್ ಇಟ್ಟುಕೊಂಡವರು ಬುಷ್ ತಿರುಗಿಸಿಕೊಟ್ಟರು. ಗ್ಯಾಸ್ಕೆಟ್ಟನ್ನು ಕತ್ತರಿಯಲ್ಲಿ ಕತ್ತರಿಸಿಕೊಟ್ಟವರಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ಸ್ಟಾಕಿನ ಪಿಸ್ಟನ್ ಇದೆಯಂತೆ ಎಂಬ ಸುದ್ದಿ, ಯಾರದೋ ಮನೆಯಲ್ಲಿ ಹೆಣ್ಣಿದೆಯಂತೆ ಎನ್ನುವಷ್ಟು ಗುಟ್ಟಾಗಿ ಹರಡುತ್ತಿತ್ತು. ಗುಜರಿಗೆ ತೂಕಕ್ಕೆ ಹೋದ ಗಾಡಿಗಳನ್ನು ಅದೇ ತೂಕದ ಬೆಲೆಗೆ ಬಿಡಿಸಿಕೊಂಡು ಬಂದು, ಮೂರು ಗಾಡಿ ಸೇರಿಸಿ ಒಂದು ಮಾಡಿದವರನ್ನು ನಾನು ಬಲ್ಲೆ. ಹಾಗೆ ಮಾಡಿದ ಒಂದಕ್ಕೆ ಆರ್‌ಸಿ ಒಂದರದು, ಎಂಜಿನ್ ನಂಬರ್ ಇನ್ನೊಂದರದು. ಆರ್‌ಟಿಓ ಕಚೇರಿಯಲ್ಲಿ ಅವರು ಪಟ್ಟ ಪಾಡು ಬೇರೆಯೇ ಪುರಾಣ.

ಆ ಕಾಲದ ಸಂಘಗಳು ಹೀಗೆ ಬೆಳೆದವು. ಬೆಂಗಳೂರು, ಮೈಸೂರು, ಪುಣೆ, ಕೊಚ್ಚಿ ಎಂದು ಊರೂರಿನಲ್ಲಿ. ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನವೆಂದು ಸೇರುವುದು ರೂಢಿಯಾಯಿತು. ಬ್ಯಾನರು ಕೈಯಲ್ಲಿ ಬರೆದದ್ದು, ಊಟ ಯಾರದೋ ಹೆಂಡತಿಯ ತವರಿನಿಂದ ಬಂದ ಚಿತ್ರಾನ್ನ. ಬಂದವರಲ್ಲಿ ಬ್ಯಾಂಕಿನ ಮ್ಯಾನೇಜರ್, ಆಟೊ ಚಾಲಕ, ಸಾಫ್ಟ್‌ವೇರ್ ಹುಡುಗ, ನಿವೃತ್ತ ಎಸ್‌ಐ. ಅಲ್ಲಿ ಹಿರಿತನ ನಿರ್ಧಾರವಾಗುತ್ತಿದ್ದದ್ದು ಸಂಬಳದಿಂದಲ್ಲ. ಕಾರ್ಬುರೇಟರನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವವನು ಯಾರು, ಶಬ್ದ ಕೇಳಿಯೇ ಪಾಯಿಂಟ್ ಹಿಂದಿದೆ ಮುಂದಿದೆ ಎನ್ನುವವನು ಯಾರು, ಅದರಿಂದ.

ಆ ದಿನಗಳ ಬಗ್ಗೆ ಇವತ್ತು ಯೋಚಿಸಿದರೆ ನನಗೆ ಮೊದಲು ಹೊಳೆಯುವುದು ನಮ್ಮ ಪ್ರೀತಿಯಲ್ಲ, ನಾವು ಬೈಯುತ್ತಿದ್ದ ರೀತಿ. ಗಾಡಿಯನ್ನು ಮನಸಾರೆ ಬೈಯುತ್ತಿದ್ದೆವು. ಹಳೆಯ ಜಾವಾದ 6 ವೋಲ್ಟಿನ ಹೆಡ್‌ಲೈಟಿಗಿಂತ ಮಿಂಚುಹುಳು ವಾಸಿ ಎನ್ನುತ್ತಿದ್ದೆವು. ಬ್ರೇಕು ಒತ್ತಿದ ಮೇಲೆ ದೇವರನ್ನು ನೆನೆಯಬೇಕು, ನಿಲ್ಲಿಸುವವನು ಅವನೇ ಎನ್ನುತ್ತಿದ್ದೆವು. ಶಿರಾಡಿ ಘಾಟಿಯಲ್ಲಿ ಪ್ಲಗ್ ಕರಿಹಿಡಿದು ನಿಂತ ರಾತ್ರಿಗಳ ಕಥೆ ಒಬ್ಬೊಬ್ಬರ ಬಳಿ ಹತ್ತಿತ್ತು. ಯಾರೂ ಅದನ್ನು ಅವಮಾನ ಎಂದುಕೊಳ್ಳುತ್ತಿರಲಿಲ್ಲ. ಏಕೆಂದರೆ ಬೈಗುಳ ಹೋಗಿ ತಾಗಲು ಆ ತುದಿಯಲ್ಲಿ ಯಾರೂ ಇರಲಿಲ್ಲ. ಕಂಪನಿ ಸತ್ತಿತ್ತು. ಅದರ ಷೇರು ಬೀಳುವಂತಿರಲಿಲ್ಲ, ಮಾರಾಟ ಕುಸಿಯುವಂತಿರಲಿಲ್ಲ. ಹೊಗಳಿದರೆ ನಮಗೆ ಲಾಭವಿಲ್ಲ, ತೆಗಳಿದರೆ ಯಾರಿಗೂ ನಷ್ಟವಿಲ್ಲ. ಹೀಗಾಗಿ ಸತ್ಯ ಹೇಳಲು ಯಾವ ತೊಡಕೂ ಇರಲಿಲ್ಲ. ಹೊಸಬನೊಬ್ಬ ‘ಯೆಜ್ಡಿ ತಗೊಳ್ಳಲಾ?’ ಎಂದು ಬಂದರೆ ನಾವೇ ಅವನನ್ನು ಹೆದರಿಸಿ ವಾಪಸ್ ಕಳಿಸುತ್ತಿದ್ದೆವು. ಆದರೂ ಮುಂದಿನ ವಾರ ಬಂದರೆ ಅವನು ನಮ್ಮವನು.

2018ರ ನವೆಂಬರ್ 15ರಂದು ಜಾವಾ ಮರಳಿತು. ಮಹೀಂದ್ರ ಕಂಪನಿ ಬಹುಪಾಲು ಬಂಡವಾಳ ಹೂಡಿದ್ದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಅದನ್ನು ತಂದಿತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯೂ ಅದರ ಪಾಲುದಾರರು. ದೆಹಲಿಯ ಶೋರೂಂ ಬೆಲೆ 1.64 ಲಕ್ಷ, ಫಾರ್ಟಿ ಟೂ ಎಂಬ ಇನ್ನೊಂದಕ್ಕೆ 1.55 ಲಕ್ಷ. 293 ಸಿಸಿ, ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್. ಬುಕಿಂಗಿಗೆ ಬಿದ್ದ ನೂಕುನುಗ್ಗಲು ಎಂಥದ್ದೆಂದರೆ, ಮುಂದಿನ ವರ್ಷದ ಸೆಪ್ಟೆಂಬರ್‌ವರೆಗಿನ ಗಾಡಿಗಳೆಲ್ಲ ಮುಗಿದವು ಎಂದು ಡಿಸೆಂಬರಿನಲ್ಲೇ ಆನ್‌ಲೈನ್ ಬುಕಿಂಗ್ ನಿಲ್ಲಿಸಿದರು. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಬಂತು, ಒಂದಲ್ಲ ಮೂರು ಮಾದರಿಗಳಲ್ಲಿ.

ಆ ನವೆಂಬರಿನ ದಿನ ನನ್ನ ಕಣ್ಣು ಒದ್ದೆಯಾಗಿತ್ತು. ಸುಳ್ಳು ಹೇಳಲಾರೆ.

ಹೊಸ ಗಾಡಿಯ ಸೈಲೆನ್ಸರ್ ನೋಡಿ. ಹಳೆಯ ಜಾವಾಕ್ಕೆ ಒಂದೇ ಸಿಲಿಂಡರಿನಿಂದ ಎರಡು ಪೈಪು ಹೊರಟು, ಎರಡೂ ಪಕ್ಕದಲ್ಲಿ ಎರಡು ಸೈಲೆನ್ಸರ್ ಇರುತ್ತಿದ್ದವು. ಅದು ಆ ಎಂಜಿನ್ನಿನ ಹುಟ್ಟುಗುಣ. ಹೊಸದರಲ್ಲೂ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಇಟ್ಟರು. ಇದು ಹುಟ್ಟುಗುಣವಲ್ಲ, ಅಜ್ಜನ ಮೀಸೆ ಮೊಮ್ಮಗನಿಗೆ ಅಂಟಿಸಿದ ಹಾಗೆ. ಎಂಜಿನ್ನಿನ ಬೇರು ಮಹೀಂದ್ರದ ಮೋಜೊ ಬೈಕಿನಲ್ಲಿದೆ. ಕಿಕ್ಕರೇ ಇಲ್ಲ, ಇನ್ನು ಗೇರಿನೊಳಗೆ ಅಡಗಿದ ಕಿಕ್ಕರ್ ಎಲ್ಲಿಂದ ಬರಬೇಕು? ಆಯಿಲ್ ಬೆರೆಸುವ ಹಾಗಿಲ್ಲ, ಹೊಗೆಯಿಲ್ಲ. ಇವು ದೋಷಗಳಲ್ಲ ಬಿಡಿ. ಇವತ್ತಿನ ಕಾನೂನಿಗೆ ಬೇರೆ ದಾರಿಯಿಲ್ಲ, ಬ್ರೇಕಂತೂ ಹಳೆಯದಕ್ಕಿಂತ ನೂರು ಪಾಲು ಮೇಲು. ಆದರೆ ಉಳಿದದ್ದೇನು ಎಂದು ಕೇಳಿಕೊಂಡರೆ ಟ್ಯಾಂಕಿನ ಆಕಾರ, ಕ್ರೋಮಿನ ಮಿರುಗು, ಆ ಹೆಸರು. ಕಂಪನಿ ಕೊಂಡದ್ದು ಇದನ್ನೇ. ಹೆಸರಿನ ಜೊತೆಗೆ ಇಪ್ಪತ್ತೆರಡು ವರ್ಷ ಯಾರೂ ಸಂಬಳ ಕೊಡದೆ ಅದನ್ನು ಬದುಕಿಸಿಟ್ಟಿದ್ದ ಜನರ ಅಭಿಮಾನವೂ ಅದಕ್ಕೆ ಬಂತು. ಆ ಲೆಕ್ಕ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣಲಿಲ್ಲ.

ಕಂಪನಿಯನ್ನು ಇಲ್ಲಿ ಖಳನಾಯಕನನ್ನಾಗಿ ಮಾಡುವುದು ಸುಲಭ, ಅದು ತಪ್ಪೂ ಹೌದು. ಅವರು ಹಳೆಯ ಸಂಘಗಳವರನ್ನು ಕರೆದರು, ಗೌರವಿಸಿದರು. ನಮ್ಮ ಹಳೆಯ ಗಾಡಿಗಳು ಶೋರೂಮಿನ ಬಾಗಿಲಲ್ಲಿ ಹೂವಿನ ಹಾರ ಹಾಕಿಸಿಕೊಂಡವು. ಬಲವಂತ ಯಾರೂ ಮಾಡಲಿಲ್ಲ. ಬದಲಾದವರು ನಾವು, ನಾವಾಗಿಯೇ.

ಹೇಗೆ ಎನ್ನುವಿರಾ? ಮೊದಲ ವರ್ಷದಲ್ಲೇ ಗೊತ್ತಾಯಿತು. ಗಾಡಿ ಕೈಸೇರಲು ತಿಂಗಳುಗಟ್ಟಲೆ ತಡವಾಯಿತು. ಒಬ್ಬ ತಾಳ್ಮೆ ಕಳೆದುಕೊಂಡು ಗೊಣಗಿದ. ಹಿಂದಾಗಿದ್ದರೆ ನಾವೆಲ್ಲ ಸೇರಿ ನಗುತ್ತಿದ್ದೆವು. ಈ ಸಲ ಇನ್ನೊಬ್ಬ ಎದ್ದು ನಿಂತು, ‘ಹೊಸ ಕಂಪನಿ, ಕಾಲಾವಕಾಶ ಕೊಡಬೇಕು, ಹೊರಗಡೆ ಹೇಳಿ ಮರ್ಯಾದೆ ಕಳೀಬೇಡಿ’ ಎಂದ. ಹೊರಗಡೆ! ಯಾರ ಮರ್ಯಾದೆ? ಆ ಮಾತು ಹೇಳಿದವನಿಗೆ ಕಂಪನಿಯಿಂದ ಒಂದು ಬಿಡಿಗಾಸೂ ಬಂದಿರಲಿಲ್ಲ. ಅವನೂ ಬುಕ್ ಮಾಡಿ ಕಾಯುತ್ತಿದ್ದವನೇ. ಲಕ್ಷಾಂತರ ರೂಪಾಯಿ ಕೊಟ್ಟು ಆರಿಸಿಕೊಂಡದ್ದು ತಪ್ಪು ಎಂದು ಒಪ್ಪಲು ಯಾರಿಗೂ ಮನಸ್ಸು ಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಶೋರೂಮಿಗೂ ಸಲ್ಲುತ್ತದೆ. ಆದರೆ ಅದೇ ಮನುಷ್ಯ ತನ್ನ 1974ರ ಗಾಡಿಯನ್ನು ಹೆಗ್ಗಣ ಎಂದೇ ಕರೆದು ಮುದ್ದಿಸುತ್ತಿದ್ದ. ಹೊಸದನ್ನು ಹೆಗ್ಗಣ ಎನ್ನಲು ಬಾಯಿ ಬರಲಿಲ್ಲ. ನನ್ನ ಮಟ್ಟಿಗೆ ಎಲ್ಲ ಬದಲಾದದ್ದು ಆ ದಿನ.

ಬುಲೆಟ್ಟಿನವರನ್ನು ನಾವು ಬಹಳ ಕಾಲ ಗೇಲಿ ಮಾಡಿದ್ದೆವು. ಅವರ ಚರಿತ್ರೆ ನಮಗೆ ಕನ್ನಡಿಯಾಗಬೇಕಿತ್ತು. ಅವರ ಕಂಪನಿ ಸಾಯಲಿಲ್ಲ. 1994ರಲ್ಲಿ ಐಷರ್ ಅದನ್ನು ಕೊಂಡಿತು. ಆಮೇಲೆ ಗೇರು ಬಲಗಾಲಿನಿಂದ ಎಡಗಾಲಿಗೆ ಬಂತು, ಎರಕದ ಕಬ್ಬಿಣದ ಎಂಜಿನ್ ಹೋಗಿ ಹೊಸ ಎಂಜಿನ್ ಬಂತು. ಪ್ರತಿ ಸಲವೂ ಹಳೆಯ ಭಕ್ತರು ಹುಯಿಲಿಟ್ಟರು. ‘ಕಾಸ್ಟ್ ಐರನ್’ ಎನ್ನುವುದು ಅವರಲ್ಲಿ ಜಾತಿಯ ಹೆಸರಿನಂತಾಯಿತು. ಕಂಪನಿ ಹುಯಿಲು ಕೇಳಿಸಿಕೊಂಡಿತು, ಮಾಡಬೇಕಾದದ್ದನ್ನೇ ಮಾಡಿತು, ಹತ್ತುಪಟ್ಟು ಮಾರಿತು. ಗೋವಾದ ವಾಗಟೋರಿನ ಬಯಲಲ್ಲಿ ವರ್ಷಕ್ಕೊಮ್ಮೆ ಅದು ನಡೆಸುವ ಜಾತ್ರೆಗೆ ಮೊದಲಿದ್ದ ಹೆಸರು ರೈಡರ್ ಮೇನಿಯಾ, 2023ರಿಂದ ಮೋಟೊವರ್ಸ್. ಟಿಕೆಟ್ಟು ಕೊಂಡು ಹೋಗಬೇಕು. ಜಾತ್ರೆಯ ಹೆಸರು ಬದಲಿಸುವಾಗ ಭಕ್ತರನ್ನು ಕೇಳುವ ಪದ್ಧತಿ ಯಾವ ದೇವಸ್ಥಾನದ ಆಡಳಿತ ಮಂಡಳಿಗೂ ಇಲ್ಲ.

ಈ ವಿದ್ಯೆಯ ಗುರುಮನೆ ಅಮೆರಿಕದಲ್ಲಿದೆ. ಹಾರ್ಲೆ ಡೇವಿಡ್‌ಸನ್ 1983ರಲ್ಲಿ ತನ್ನ ಗ್ರಾಹಕರ ಸಂಘವನ್ನು ತಾನೇ ಹುಟ್ಟುಹಾಕಿತು. ಅದಾದ ಮೇಲೆ ಶಾಖೆಯೆಂದರೆ ಡೀಲರ್ ಶೋರೂಂ, ಸದಸ್ಯತ್ವವೆಂದರೆ ಗಾಡಿಯ ಬಿಲ್ಲು. ಕಷ್ಟದಲ್ಲಿದ್ದ ಕಂಪನಿಯನ್ನು ಮೇಲೆತ್ತಿದ್ದರಲ್ಲಿ ಆ ಸಂಘದ ಪಾಲು ದೊಡ್ಡದು ಎಂದು ವ್ಯಾಪಾರ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. 2001ರಲ್ಲಿ ಮುನಿಜ್ ಮತ್ತು ಓಗಿನ್ ಎಂಬ ಇಬ್ಬರು ವಿದ್ವಾಂಸರು ‘ಬ್ರ್ಯಾಂಡ್ ಸಮುದಾಯ’ ಎಂಬ ಮಾತಿಗೆ ಲಕ್ಷಣ ಬರೆದರು: ನಾವು ಎಂಬ ಭಾವ, ನಮ್ಮದೇ ಆಚರಣೆಗಳು, ಒಬ್ಬರಿಗೊಬ್ಬರು ಆಗಬೇಕೆಂಬ ಹೊಣೆ. ಓದಿದಾಗ ಬೆಚ್ಚಿಬಿದ್ದೆ. ಶಿರಾಡಿಯಲ್ಲಿ ನಿಂತವನಿಗೆ ಸಕಲೇಶಪುರದಿಂದ ಪ್ಲಗ್ ಹಿಡಿದು ರಾತ್ರಿ ಹನ್ನೊಂದಕ್ಕೆ ಹೊರಡುತ್ತಿದ್ದ ನಮ್ಮ ಗೆಳೆಯನಿಗೆ ಅವರು ಪಾರಿಭಾಷಿಕ ಪದವನ್ನೇ ಕೊಟ್ಟಿದ್ದರು! ಅದೇ ಹಾರ್ಲೆ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ, ಮಾರಾಟ ಎರಡನ್ನೂ ನಿಲ್ಲಿಸುತ್ತೇನೆ ಎಂದಿತು. ಲಕ್ಷಗಟ್ಟಲೆ ಸುರಿದು, ತೊಗಲಿನ ಅಂಗಿಯ ಮೇಲೆ ಶಾಖೆಯ ಹೆಸರು ಹೊಲಿಸಿಕೊಂಡವರು ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ಓದಿದರು. ಮುಂದಿನ ತಿಂಗಳು ಹೀರೋ ಜೊತೆ ಒಪ್ಪಂದವಾಗಿ ಗಾಡಿಗಳು ಉಳಿದವು, ಸರಿ. ಆದರೆ ಹೊಣೆ ಎಂಬುದು ಒಬ್ಬರಿಗೊಬ್ಬರು ಸದಸ್ಯರ ನಡುವೆ ಮಾತ್ರ, ಕಂಪನಿಯ ಕಡೆಯಿಂದ ಅಲ್ಲ ಎಂದು ಆ ತಿಂಗಳು ಎಲ್ಲರಿಗೂ ಕಂಡಿತು.

ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಎಂದು ಕರೆದವರು. ನಮ್ಮ ನಾಡಿನಲ್ಲಿ ಆ ಪದಕ್ಕೆ ಅಷ್ಟು ತೂಕ. ಕಂಪನಿಗಳು ಅಭಿಮಾನಿ ಎನ್ನುವುದಿಲ್ಲ, ‘ಕಮ್ಯುನಿಟಿ’ ಎನ್ನುತ್ತವೆ. ಅದನ್ನು ನೋಡಿಕೊಳ್ಳಲು ಸಂಬಳದ ಮ್ಯಾನೇಜರು ಇರುತ್ತಾನೆ. ಅವನ ತಿಂಗಳ ವರದಿಯಲ್ಲಿ ನಾವು ಎಷ್ಟು ಮಂದಿ, ಎಷ್ಟು ಖುಷಿಯಾಗಿದ್ದೇವೆ ಎಂಬ ಅಂಕಿ ಇರುತ್ತದೆ. ನಮ್ಮ ಹಳೆಯ ಸಂಘದ ವರದಿಯಲ್ಲಿ ಇದ್ದದ್ದು ಚಿತ್ರಾನ್ನಕ್ಕೆ ತಗುಲಿದ ವೆಚ್ಚ.

ಇಲ್ಲಿಯವರೆಗೆ ಬೇರೆಯವರ ಮಾತಾಯಿತು. ನನ್ನ ಬಾಕಿಯೂ ಒಂದಿದೆ, ಅದನ್ನು ಬರೆಯದೆ ಈ ಸಿಂಹಾವಲೋಕನ ಮುಂದುವರಿಸಲಾರೆ.

ಕೆಲವು ವರ್ಷಗಳ ಹಿಂದೆ ಒಂದು ಮೋಟರ್‌ಸೈಕಲ್ ಕಂಪನಿ ಹೊಸ ಗಾಡಿಯ ಪರೀಕ್ಷೆಗೆಂದು ಕೆಲವು ಬರಹಗಾರರನ್ನು ಕರೆದಿತ್ತು. ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ವಿಮಾನದ ಟಿಕೆಟ್ಟು ಅವರದು, ಬೆಟ್ಟದ ಮೇಲಿನ ರೆಸಾರ್ಟು ಅವರದು, ರಾತ್ರಿ ಬೆಂಕಿ ಹಾಕಿ ಹಾಡೂ ಕೇಳಿಸಿದರು. ಹೊರಡುವಾಗ ಒಂದು ಜಾಕೆಟ್ ಕೊಟ್ಟರು. ಗಾಡಿ ಓಡಿಸಿದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಎಂಜಿನ್ನಿನ ಶಾಖ ಬಲಗಾಲಿನ ಮೀನಖಂಡಕ್ಕೆ ಹೊಡೆಯುತ್ತಿತ್ತು, ಪ್ಯಾಂಟಿನ ಮೇಲೂ ಚುರುಗುಟ್ಟುವಷ್ಟು. ಬರೆಯಲು ಕೂತಾಗ ಬಿಸಿಯ ಬಗ್ಗೆ ಒಂದು ವಾಕ್ಯ ಬರೆದೆ, ಹೊಡೆದುಹಾಕಿದೆ. ‘ಬೆಂಗಳೂರಿನ ಚಳಿಗೆ ಹಿತವಾದ ಬೆಚ್ಚನೆಯ ಎಂಜಿನ್’ ಎಂದು ತಿದ್ದಿದೆ. ಯಾರೂ ತಿದ್ದಿಸಲಿಲ್ಲ, ಯಾರೂ ಫೋನು ಮಾಡಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮನ್ನು ಬೆಳೆಸಿದ್ದಾರಲ್ಲ. ವಿಮರ್ಶಕನ ಕೆಲಸವೇ ಜಂತೆ ಎಣಿಸುವುದು ಎಂಬುದು ಆ ಹೊತ್ತಿಗೆ ಮರೆತಿತ್ತು, ಅಥವಾ ಮರೆತ ಹಾಗೆ ನಟಿಸಿದ್ದೆ. ನಾಲ್ಕು ತಿಂಗಳ ಮೇಲೆ ಒಬ್ಬ ಓದುಗ ಸಿಕ್ಕಿ, ನನ್ನ ಬರಹ ಓದಿ ಆ ಗಾಡಿ ಕೊಂಡೆ ಎಂದ. ಖುಷಿಯಾಗಿಯೇ ಹೇಳಿದ, ಪಾಪ. ಅವನ ಬಲಗಾಲನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಜಾಕೆಟ್ ಇನ್ನೂ ಬೀರುವಿನಲ್ಲಿದೆ, ಒಳ್ಳೆಯ ಜಾಕೆಟ್.

ಇಂಥದ್ದಕ್ಕೆ ಈಗ ನಿಯಮಗಳಿವೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಹೇಳಿತು: ದುಡ್ಡು, ಉಡುಗೊರೆ, ಪ್ರವಾಸ ಏನು ಪಡೆದಿದ್ದರೂ ಅದು ಜಾಹೀರಾತು ಎಂದು ನೋಡುಗರಿಗೆ ಕಾಣುವಂತೆ ಬರೆಯಬೇಕು. 2022ರಲ್ಲಿ ಕೇಂದ್ರ ಸರ್ಕಾರವೂ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮಾರ್ಗಸೂಚಿ ತಂದಿತು. ಒಳ್ಳೆಯದೇ. ಆದರೆ ದುಡ್ಡು ಪಡೆದವನನ್ನು ಈ ನಿಯಮ ಹಿಡಿಯಬಲ್ಲದು. ದುಡ್ಡೇ ಪಡೆಯದೆ, ಮುಂದಿನ ಸಲವೂ ಕರೆಯಲಿ ಎಂಬ ಆಸೆಯಿಂದ ನಾಲಿಗೆ ಕಚ್ಚಿಕೊಂಡವನನ್ನು ಹೇಗೆ ಹಿಡಿಯುವುದು? ಕಂಪನಿಯ ಅಧಿಕಾರಿ ವಾರ್ಷಿಕ ಸವಾರಿಯಲ್ಲಿ ತನ್ನ ಹೆಸರು ಹಿಡಿದು ಕರೆದ ಎಂಬ ಒಂದೇ ಸಂತೋಷಕ್ಕೆ, ಗೇರ್‌ಬಾಕ್ಸ್ ಸದ್ದು ಮಾಡುತ್ತದೆ ಎಂದ ಗೆಳೆಯನ ಮೇಲೆ ಹರಿಹಾಯ್ದವನು ಯಾವ ಕಲಮಿಗೆ ಬರುತ್ತಾನೆ? ಅಭಿಮಾನಿ ಸಂಘಗಳಲ್ಲಿ ಪ್ರಭಾವ ಎಂಬುದು ಲಕೋಟೆಯಲ್ಲಿ ಬರುವುದು ಅಪರೂಪ. ಬರುವುದು ಹೆಗಲ ಮೇಲೆ ಕೈಯಿಟ್ಟು.

ಇನ್ನೊಂದು ವಿಷಯ, ನಾವು ಕೇಳದೇ ಬಿಟ್ಟದ್ದು. ನನಗೆ ಅತ್ಯಂತ ನಾಚಿಕೆ ಇದರದ್ದೇ.

ಹೊಸ ಜಾವಾ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸ ಯೆಜ್ಡಿಯೂ ಅಲ್ಲೇ. ವ್ಯಾಪಾರದ ಲೆಕ್ಕದಲ್ಲಿ ಇದಕ್ಕೆ ತಕರಾರಿಲ್ಲ. ಮಹೀಂದ್ರದ ದ್ವಿಚಕ್ರ ಕಾರ್ಖಾನೆ ಅಲ್ಲಿ ಸಿದ್ಧವಿತ್ತು, ಯಾದವಗಿರಿಯಲ್ಲಿ ಮತ್ತೆ ಯಂತ್ರ ಹೂಡುವವರು ಯಾರು? ಆದರೆ ನಾವು ಮೈಸೂರಿನವರು, ಬೆಂಗಳೂರಿನವರು, ‘ನಮ್ಮ ಮೈಸೂರಿನ ಗಾಡಿ’ ಎಂದು ಇಪ್ಪತ್ತೆರಡು ವರ್ಷ ಎದೆ ತಟ್ಟಿಕೊಂಡವರು, ಬಿಡುಗಡೆಯ ಸಡಗರದಲ್ಲಿ ಒಬ್ಬರಾದರೂ ‘ಮೈಸೂರಿನಲ್ಲಿ ಏಕಲ್ಲ?’ ಎಂಬ ಪ್ರಶ್ನೆಯನ್ನು ಜೋರಾಗಿ ಕೇಳಿದೆವೇ? ಬಣ್ಣ ಯಾವುದು, ಹಿಂದಿನ ಬ್ರೇಕಿಗೆ ಡಿಸ್ಕ್ ಯಾವಾಗ, ಇದೇ ಚರ್ಚೆ.

ಹೆಸರು ಯಾರದು ಎಂಬ ಪ್ರಶ್ನೆಯನ್ನು ನಮಗಿಂತ ಮೊದಲು ನ್ಯಾಯಾಲಯ ಎತ್ತಿಕೊಂಡಿತು. ಐಡಿಯಲ್ ಜಾವಾ ಕಂಪನಿ ಸಮಾಪನೆಯಲ್ಲಿತ್ತು; ಅದರ ಆಸ್ತಿಯೆಲ್ಲ ಅಧಿಕೃತ ಸಮಾಪಕರ ಕೈಯಲ್ಲಿ, ಸಾಲ ಕೊಟ್ಟವರಿಗೂ ಕಾರ್ಮಿಕರಿಗೂ ಹಂಚಬೇಕಾದದ್ದು. ಹಾಗಾದರೆ ‘ಯೆಜ್ಡಿ’ ಎಂಬ ಹೆಸರೂ ಆ ಆಸ್ತಿಯಲ್ಲೊಂದಲ್ಲವೇ? 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಹೌದು ಎಂದಿತು. ಆ ಟ್ರೇಡ್‌ಮಾರ್ಕ್ ಸಮಾಪನೆಯಲ್ಲಿರುವ ಕಂಪನಿಗೇ ಸೇರಿದ್ದು ಎಂದಿತು. ತೀರ್ಪು ಮೇಲ್ಮನವಿಗೆ ಹೋಯಿತು. ಕಾನೂನಿನ ಹಾದಿ ಕಾನೂನಿನದು, ಅದರಲ್ಲಿ ಯಾರು ಸರಿ ಎಂದು ತೂಗುವುದು ನನ್ನ ಕೆಲಸವಲ್ಲ. ನನಗೆ ಬೇಕಾದದ್ದು ಆ ದಿನ ನಮ್ಮ ಬಳಗ ನಡೆದುಕೊಂಡ ರೀತಿ. ತೀರ್ಪಿನ ಸುದ್ದಿ ಬಂದ ಸಂಜೆ ನಾಲ್ಕೈದು ಗೆಳೆಯರು ಚಹಾಕ್ಕೆ ಸೇರಿದ್ದೆವು. ಮೊದಲ ಮಾತು: ‘ಅಯ್ಯೋ, ಗಾಡಿ ನಿಂತುಹೋಗುತ್ತಾ? ರೀಸೇಲ್ ಬೆಲೆ ಏನಾಗುತ್ತೆ?’ ಎರಡನೆಯದು: ‘ಯಾರೋ ಅಡ್ಡಗಾಲು ಹಾಕ್ತಿದ್ದಾರೆ.’ ಆ ಹೆಸರಿಗೆ ಒಂದು ಬೆಲೆಯಿದ್ದರೆ, ಅದರಲ್ಲಿ ಆ ಗಾಡಿಯನ್ನು ಕೈಯಾರೆ ಜೋಡಿಸಿದವರ ಪಾಲು ಎಷ್ಟು ಎಂಬ ಮಾತು ಮೇಜಿನ ಮೇಲೆ ಬರಲೇ ಇಲ್ಲ. ನಾನೂ ತರಲಿಲ್ಲ. ಬೋಂಡಾ ಬಿಸಿಯಾಗಿತ್ತು.

ಮಾಲೀಕನಿಲ್ಲದ ಕಾಲವನ್ನು ಹಾಡಿಹೊಗಳುವ ಚಪಲವೂ ನನಗಿದೆ, ಅದಕ್ಕೂ ಕಡಿವಾಣ ಹಾಕಬೇಕು. ಆ ದಿನಗಳಲ್ಲಿ ಅಸಲಿ ಭಾಗಕ್ಕೆ ಸುಲಿಗೆಯ ಬೆಲೆ ಹೇಳಿದವರಿದ್ದರು. ನಕಲಿ ಪಿಸ್ಟನ್ನಿಗೆ ಹಳೆಯ ಡಬ್ಬಿ ಹಾಕಿ ಮಾರಿದ ಅಂಗಡಿಯೂ ಗೊತ್ತು. ಸಂಘಗಳಲ್ಲಿ ಹೆಣ್ಣುಮಕ್ಕಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೈಗೆ ಗ್ರೀಸ್ ಹತ್ತಿಸಿಕೊಳ್ಳದವನನ್ನು ಮನುಷ್ಯನೆಂದೇ ಗಣಿಸದ ದರ್ಪ ನಮ್ಮಲ್ಲಿತ್ತು. ಹೊಸ ಗಾಡಿ ಬಂದ ಮೇಲೆ ಬಳಗಕ್ಕೆ ಇಪ್ಪತ್ತರ ಹರೆಯದವರು ಬಂದರು, ಹುಡುಗಿಯರು ತಾವೇ ಓಡಿಸಿಕೊಂಡು ಬಂದರು. ಹಳೆಯ ಗಾಡಿಗೂ ಬೆಲೆ ಬಂತು, ಗುಜರಿಗೆ ಹೋಗುವುದು ನಿಂತಿತು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆ ನೋಂದಣಿ ವ್ಯವಸ್ಥೆ ತಂದದ್ದೂ ಮೊದಲ ಜಾವಾಗಳನ್ನು ಇಟ್ಟುಕೊಂಡವರಿಗೆ ಅನುಕೂಲವಾಯಿತು. ಈಗ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಬಂದಿದೆ. ಹಳೆಯ ಕಾರ್ಬುರೇಟರಿನ ರಬ್ಬರು ಉಬ್ಬುತ್ತದೆ ಎಂಬ ಕಳವಳ, ಯಾವ ವಾಷರ್ ಹಾಕಬೇಕು ಎಂಬ ಚರ್ಚೆ. ಇದಕ್ಕೆ ಉತ್ತರ ಹುಡುಕುತ್ತಿರುವುದು ಮತ್ತದೇ ಓಣಿಯ ಗ್ಯಾರೇಜುಗಳು. ಈ ಚರ್ಚೆಯಲ್ಲಿ ನಮ್ಮವರು ಮತ್ತೆ ಮೊದಲಿನಂತೆ ಬಾಯಿತುಂಬ ಬೈಯುತ್ತಿದ್ದಾರೆ. ಕೇಳಲು ಎಷ್ಟು ಹಿತ!

ಈಚೆಗೆ ಮೈಸೂರಿಗೆ ಹೋಗಿದ್ದೆ. ಚಿಕ್ಕಪ್ಪನ ರೋಡ್‌ಕಿಂಗ್ ಈಗ ನನ್ನ ಬಳಿ ಇದೆ. ಕ್ಲಚ್ ಜಾರುತ್ತಿತ್ತು. ಒಂದು ಕಾಲಕ್ಕೆ ಕಾರ್ಖಾನೆಯಲ್ಲಿದ್ದು, ಬೀಗ ಬಿದ್ದ ಮೇಲೆ ಗ್ಯಾರೇಜು ಇಟ್ಟ ಹಿರಿಯರೊಬ್ಬರ ಬಳಿ ಬಿಟ್ಟಿದ್ದೆ. ಪ್ಲೇಟು ಬದಲಿಸಿ, ಕೈ ಒರೆಸಿಕೊಳ್ಳುತ್ತಿದ್ದಾಗ ಅವರ ಕಣ್ಣು ರಸ್ತೆಯಾಚೆ ನಿಂತಿದ್ದ ಹೊಸ ಯೆಜ್ಡಿಯ ಮೇಲೆ ಹೋಯಿತು. ಟ್ಯಾಂಕಿನ ಮೇಲಿನ ಹೆಸರನ್ನು ಸ್ವಲ್ಪ ಹೊತ್ತು ನೋಡಿದರು.

‘ಚೆನ್ನಾಗೈತೆ ಸಾರ್. ಎಲ್ಲಿ ಮಾಡ್ತಾರೆ ಇದನ್ನ?’

‘ಪೀಥಂಪುರ. ಇಂದೋರ್ ಹತ್ರ.’

‘ಹೂಂ.’ ಸ್ಪಾನರನ್ನು ಡಬ್ಬಿಗೆ ಹಾಕಿದರು. ‘ಎಷ್ಟು ಜನ ಕೆಲಸಕ್ಕವ್ರಂತೆ ಅಲ್ಲಿ? ಪರ್ಮನೆಂಟಾ, ಕಂಟ್ರಾಕ್ಟಾ?’

ನಾನು ಬಾಯಿ ತೆರೆಯುವ ಮೊದಲೇ ಅವರು ಗೇರ್ ಲಿವರನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರು. ಎರಡನೇ ಕಿಕ್ಕಿಗೆ ಗಾಡಿ ಹಿಡಿಯಿತು.